ಅಳಿಸಿದ ಕ್ಯಾಸೆಟ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಬಿ.ಇ. ಓದಿ ಬೆಂಗಳೂರು ಸೇರಿದವನು, ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಹೇಳಬೇಕೆಂದಿರುವುದು ಗಿಟಾರ್ ಬಗ್ಗೆ. ಅದರಲ್ಲೂ, ಜನರ ಮುಂದೆ ನುಡಿಸಿದ್ದನ್ನು ಹಾಗೆಯೇ ರೆಕಾರ್ಡ್ ಮಾಡಿಟ್ಟ ಕಛೇರಿಗಳ ಬಗ್ಗೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜಂಪುರದಿಂದ ಬೀರೂರಿಗೆ ಬಂದು ರೈಲು ಹತ್ತಿದರೆ, ಬೆಂಗಳೂರು ಬರುವವರೆಗೂ ನನಗೆ ಇದೇ ಜೊತೆ. ರೂಮಿನ ಗೆಳೆಯನೊಬ್ಬ ಬ್ಲೂಸ್ ಸಂಗೀತವನ್ನು ಫೋನಿಗೆ ಹಾಕಿಕೊಟ್ಟಿದ್ದ. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ ಅದು. ರಾಕ್ ಸಂಗೀತದ ಬೇರೂ ಅಲ್ಲೇ ಇದೆ. ಹಾಡುಗಾರ ಒಂದು ಸಾಲು ಹೇಳುತ್ತಾನೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ನಮ್ಮ ಕಡೂರು, ತರೀಕೆರೆ ಕಡೆಯ ವೀರಗಾಸೆಯಲ್ಲಿ ಒಡಪು ಮುಗಿಯುತ್ತಿದ್ದಂತೆ ಸಮಾಳ, ಕರಡೆ ಮೊಳಗುವುದಿಲ್ಲವೇ, ಹಾಗೆ.

ಹೊಸಬರು ಮೊದಲು ಬಿ.ಬಿ. ಕಿಂಗ್ ಅವರ ‘ಲೈವ್ ಅಟ್ ದಿ ರೀಗಲ್’ ಕೇಳಿ. 1964ರ ನವೆಂಬರ್ 21ರಂದು ಷಿಕಾಗೋದಲ್ಲಿ ನಡೆದ ಕಛೇರಿ. ಅವರೂ ಹತ್ತಿ ಹೊಲದಲ್ಲಿ ದುಡಿದು ಬೆಳೆದವರೇ. ವೀಣೆಯಲ್ಲಿ ಗಮಕಕ್ಕೆ ತಂತಿ ಎಳೆಯುವಂತೆ ಎಳೆದು ಸ್ವರವನ್ನು ಮೇಲೇರಿಸುತ್ತಾರೆ. ಆಗ ಸಭೆಯಿಂದ ಏಳುವ ಕೂಗನ್ನು ಗಮನಿಸಿ. ಆ ಕೂಗೂ ಸಂಗೀತದ ಭಾಗವೇ.

ಎರಡನೆಯದು ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ‘ಅಟ್ ಫಿಲ್ಮೋರ್ ಈಸ್ಟ್’, 1971ರ ಮಾರ್ಚ್, ನ್ಯೂಯಾರ್ಕ್. ಕೊನೆಯ ಹಾಡೊಂದೇ ಸುಮಾರು 23 ನಿಮಿಷ. ಅದರಲ್ಲಿ ಇಬ್ಬರು ಗಿಟಾರ್ ನುಡಿಸುತ್ತಾರೆ. ಒಂದು ಸಲ ಒಬ್ಬರನ್ನು, ಇನ್ನೊಂದು ಸಲ ಮತ್ತೊಬ್ಬರನ್ನು ಹಿಂಬಾಲಿಸಿ ಕೇಳಿ. ಅವರಲ್ಲಿ ಡ್ಯುಯೇನ್ ಆಲ್‌ಮನ್ ಅದೇ ಅಕ್ಟೋಬರಿನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 24 ವರ್ಷ. ಆ ರಾತ್ರಿಗಳ ನುಡಿಸಾಣಿಕೆ ಮಾತ್ರ ಉಳಿದಿದೆ.

ಮೂರನೆಯದು ಸ್ಟೀವಿ ರೇ ವಾನ್ ಅವರದು. 1982ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ನುಡಿಸಿದಾಗ ಅವರ ಒಂದು ಆಲ್ಬಮ್ಮೂ ಬಂದಿರಲಿಲ್ಲ. ಸಭೆಯಲ್ಲಿ ಕೆಲವರು ಗೇಲಿ ಮಾಡಿ ಕೂಗಿದರು. 1985ರಲ್ಲಿ ಅದೇ ಉತ್ಸವಕ್ಕೆ ಮತ್ತೆ ಬಂದಾಗ ಚಪ್ಪಾಳೆಯೋ ಚಪ್ಪಾಳೆ. 2001ರಲ್ಲಿ ಎರಡೂ ಕಛೇರಿಗಳನ್ನು ಒಟ್ಟಿಗೆ ಹೊರತಂದರು. ಗೇಲಿಯ ಕೂಗು ಅದರಲ್ಲಿ ಈಗಲೂ ಕೇಳಿಸುತ್ತದೆ.

ಅದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ, ಈ ಶಾಲೆಯ ಒಂದು ವಾರ್ಷಿಕೋತ್ಸವ. ಆಗ ನಾನು ಒಂಬತ್ತನೇ ತರಗತಿ. ಹಾಡುತ್ತಾ ಎರಡನೇ ಚರಣ ಮರೆತು ಸುಮ್ಮನೆ ನಿಂತುಬಿಟ್ಟೆ. ಎಲ್ಲರೂ ನಕ್ಕರು. ಹಾರ್ಮೋನಿಯಂ ನುಡಿಸುತ್ತಿದ್ದ ನಮ್ಮ ಮೇಷ್ಟ್ರು ಮಾತ್ರ ನಿಲ್ಲಿಸಲಿಲ್ಲ. ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾ, ಮೆಲ್ಲಗೆ ಚರಣದ ಮೊದಲ ಪದ ಹೇಳಿಕೊಟ್ಟರು. ಹಾಡು ಮುಗಿಸಿದೆ. ಗೆಳೆಯನೊಬ್ಬ ಅದನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಕ್ಯಾಸೆಟ್ಟನ್ನು ನನಗೇ ಕೊಟ್ಟ. ನಾಚಿಕೆಯಿಂದ ನಾನು ಅದರ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡೆ.

ನನ್ನ ತಪ್ಪನ್ನು ಅಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅಳಿಸಿದ್ದು ಮೇಷ್ಟ್ರ ಹಾರ್ಮೋನಿಯಂ ಅನ್ನು, ಅವರ ದನಿಯನ್ನು. ಅವರು ಈಗ ಇಲ್ಲ. ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ಕೆಲವೊಮ್ಮೆ ಮರಳಿ ಪಡೆಯಬಹುದು. ಆ ಕ್ಯಾಸೆಟ್ಟಿನಿಂದ ಆಗಲಿಲ್ಲ.

ಆದ್ದರಿಂದ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಶಾಲೆಯ ಕಾರ್ಯಕ್ರಮದ, ಊರ ಭಜನೆಯ, ನಾಟಕದ ಕ್ಯಾಸೆಟ್ ಇದ್ದರೆ ಬಿಸಾಡಬೇಡಿ. ಬೂಷ್ಟು ಹಿಡಿದಿದ್ದರೆ ಹಾಕಿ ನೋಡಬೇಡಿ, ಟೇಪು ತುಂಡಾದೀತು. ಹಾಗೆಯೇ ನನಗೆ ಕೊಡಿ. ಕಂಪ್ಯೂಟರಿಗೆ ಇಳಿಸಿ ಕ್ಯಾಸೆಟ್ಟನ್ನು ನಿಮಗೇ ಹಿಂದಿರುಗಿಸುತ್ತೇನೆ, ಒಂದು ಪ್ರತಿಯನ್ನು ಶಾಲೆಗೆ ಕೊಡುತ್ತೇನೆ. ವಿದ್ಯಾರ್ಥಿಗಳೇ, ಇವತ್ತು ಸಂಜೆಯ ಕಾರ್ಯಕ್ರಮವನ್ನು ನೀವೂ ಫೋನಿನಲ್ಲಿ ಹಿಡಿದಿಡಿ. ಯಾರಾದರೂ ಸಾಲು ಮರೆತರೆ ಅದನ್ನು ಕತ್ತರಿಸಬೇಡಿ. ಆಗ ಪಕ್ಕದಲ್ಲಿ ಯಾರು ನೆರವಾದರು ಎಂಬುದೂ ಅದರಲ್ಲೇ ಇರುತ್ತದೆ.