ಶಾಲು ಹೊದಿಸುವ ಮುನ್ನ
(ದೋಹಾದ ಕನ್ನಡಿಗರ ವಾಲಿಬಾಲ್ ತಂಡವೊಂದರ ಬೀಳ್ಕೊಡುಗೆ ಸಭೆಯಲ್ಲಿ ಆಡಿದ ಮಾತು)



ಇಂದು ತಂಡವನ್ನು ಬೀಳ್ಕೊಳ್ಳುತ್ತಿರುವ ಗೆಳೆಯರು ಸ್ಮ್ಯಾಶ್ ಹೊಡೆದು ಚಪ್ಪಾಳೆ ಗಿಟ್ಟಿಸಿದವರಲ್ಲ. ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಟ್ಟವರು. 11 ವರ್ಷ ಅವರು ಕಟ್ಟಡಗಳಿಗೆ ವಿದ್ಯುತ್ ತಂತಿ ಎಳೆದರು. ಶುಕ್ರವಾರ ಸಂಜೆ ಈ ಅಂಗಳದಲ್ಲಿ ಬಲೆ ಕಟ್ಟಿದರು.

ಅವರು ಹೊರಟಿರುವುದು ಆಟ ಸಾಕಾಗಿ ಅಲ್ಲ. ಕೆಲಸ ಹೋಯಿತು, ಕೆಲಸಕ್ಕೆ ಕಟ್ಟಿಹಾಕಿದ ವಾಸದ ಪರವಾನಗಿಯೂ ಅದರ ಹಿಂದೆಯೇ ಹೊರಟಿತು. ಹಳೆಯ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಹಕ್ಕನ್ನು ಕತಾರ್ 2020ರಲ್ಲಿ ಕೊಟ್ಟಿತು, ನಿಜ. ಆದರೆ ಬೇರೆ ಕೆಲಸವೇ ಸಿಗದವರಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಶಾಲು, ಫಲಕ, ಗುಂಪುಚಿತ್ರ ಇಷ್ಟಕ್ಕೇ ತಂಡದ ಹೊಣೆ ಮುಗಿಯದು. ಅಲ್ಲಿನ 2004ರ ಕಾರ್ಮಿಕ ಕಾಯಿದೆಯಂತೆ, ಒಂದು ವರ್ಷ ತುಂಬಿದ ಕಾರ್ಮಿಕನಿಗೆ ಪ್ರತಿ ವರ್ಷದ ಸೇವೆಗೆ ಕನಿಷ್ಠ 3 ವಾರಗಳ ಮೂಲವೇತನ ಗ್ರಾಚ್ಯುಟಿಯಾಗಿ ಸಲ್ಲಬೇಕು. ಊರಿಗೆ ಮರಳುವ ಟಿಕೆಟಿನ ವೆಚ್ಚವೂ ಮಾಲೀಕನದೇ. ಈ ಗೆಳೆಯರ ಗ್ರಾಚ್ಯುಟಿ ಇನ್ನೂ ಕೈಸೇರಿಲ್ಲ. ವಿಮಾನ ಹತ್ತಿದ ಮೇಲೆ ಅದನ್ನು ಕೇಳುವ ದನಿಗೆ ಬಲ ಕಡಿಮೆ. ಆದ್ದರಿಂದ ಸಂಬಳದ ಚೀಟಿಗಳನ್ನು ಜೋಡಿಸಲು ಲೆಕ್ಕ ಬಲ್ಲವರು, ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಲು ಅರಬ್ಬಿ ಬಲ್ಲವರು ನಾಳೆಯೇ ಅವರ ಜೊತೆ ನಿಲ್ಲಲಿ.

11 ವರ್ಷ ಚೆಂಡು ಎತ್ತಿಕೊಟ್ಟವರಿಗೆ ತಂಡವೂ ಒಮ್ಮೆ ಎತ್ತಿಕೊಡಲಿ.