ಕೋಳಿ ಮೇವಿಗೆ ಹುಳ ಸಾಕಣೆ: ಪರಿಸರದ ಲೆಕ್ಕ
(ಸಂಘದ ರಜತ ಮಹೋತ್ಸವದ ಕೃಷಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಆಮಂತ್ರಣ ಪತ್ರಿಕೆಯಲ್ಲಿ ಈ ವಿಷಯ ಓದಿ ಕೆಲವರು ನಕ್ಕಿದ್ದೀರಿ. ಹುಳ ಸಾಯಿಸೋ ಔಷಧ ಮಾರೋ ಸಂಘದವರು ಈಗ ಹುಳ ಸಾಕ್ರಿ ಅಂತಾರಲ್ಲ, ಅಂತ. ನಗುವಂಥದ್ದೇ. ಆದರೆ ತಿಪ್ಪೆ ಕೆದರಿ ಹುಳ ಹೆಕ್ಕುವುದು ಕೋಳಿಯ ಹುಟ್ಟುಗುಣ. ಗೆದ್ದಲು ಹತ್ತಿದ ಕಟ್ಟಿಗೆ ತಂದು ಮರಿಗಳ ಮುಂದೆ ಕೊಡವಿದ ಕೈಗಳು ಈ ಸಭೆಯಲ್ಲೇ ಬೇಕಾದಷ್ಟಿವೆ. ಹೊಸದೇನೆಂದರೆ, ಹುಳವನ್ನು ಶೆಡ್ಡಿನಲ್ಲಿ ಸಾಕಿ, ಒಣಗಿಸಿ, ಚೀಲ ತುಂಬಿ ಮಾರುವುದು. ಅದಕ್ಕೆ ಸಂಘ ಸಾಲ ಕೊಡಬೇಕೋ ಬೇಡವೋ ಎಂಬ ಮಾತು ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಆದ್ದರಿಂದಲೇ ಈ ಮಾತು.

ಇದನ್ನು ಪರಿಸರಕ್ಕೆ ಒಳ್ಳೆಯದು ಎನ್ನಲು ಕಾರಣವಿದೆ. ಕೋಳಿಗೆ, ಮೀನಿಗೆ ಪ್ರೋಟೀನು ಬೇಕು. ಈಗ ಅದು ಬರುವುದು ಸೋಯಾ ಹಿಂಡಿಯಿಂದ ಮತ್ತು ಮೀನಿನ ಹಿಟ್ಟಿನಿಂದ. ನಮ್ಮದೇ ಕರಾವಳಿಯಲ್ಲಿ ಬಡವರ ಮೀನು ಎನಿಸಿದ ಬೂತಾಯಿ ಕಾರ್ಖಾನೆಗೆ ಹೋಗಿ ಹಿಟ್ಟಾಗುತ್ತದೆ. ಕಸ ತಿಂದು ಬೆಳೆದ ಹುಳ ಆ ಜಾಗ ಹಿಡಿದರೆ ಸಮುದ್ರಕ್ಕೂ ಹಗುರ, ಹೊಲಕ್ಕೂ ಹಗುರ ಎಂಬುದು ವಾದ. ಯುರೋಪಿನ ಒಕ್ಕೂಟ 2017ರಲ್ಲಿ ಮೀನು ಸಾಕಣೆಗೆ, 2021ರಲ್ಲಿ ಕೋಳಿ ಮತ್ತು ಹಂದಿಗೆ ಹುಳದ ಹಿಟ್ಟು ಹಾಕಲು ಒಪ್ಪಿಗೆ ಕೊಟ್ಟಿತು. ಆದರೆ ಆ ಹುಳಕ್ಕೆ ಸಗಣಿ, ಹೋಟೆಲಿನ ಎಂಜಲು ಹಾಕಕೂಡದೆಂಬ ಷರತ್ತೂ ಅಲ್ಲಿದೆ. ಈ ಷರತ್ತನ್ನು ನೆನಪಿಡ್ರಿ, ಮುಂದೆ ಬೇಕಾಗುತ್ತದೆ.

ನಮ್ಮ ನಾಡಿಗೆ ಹುಳ ಸಾಕುವುದು ಗೊತ್ತಿಲ್ಲದ ಕಸುಬೇನಲ್ಲ. ದೇಶದಲ್ಲಿ ರೇಷ್ಮೆಗೆ ಕರ್ನಾಟಕವೇ ಮುಂದು. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಸುಮಾರು ಏಳು ಕಿಲೋ ಹಸಿ ಗೂಡು ಬೇಕು. ನೂಲು ಬಿಚ್ಚಿದ ಮೇಲೆ ಉಳಿಯುವುದು ಸತ್ತ ಕೋಶದ ಹುಳ. ತೂಕದಲ್ಲಿ ಹಸಿ ಗೂಡಿನ ಬಹುಪಾಲು ಅದೇ. ಒಣಗಿಸಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನು, ಕಾಲು ಭಾಗದಷ್ಟು ಎಣ್ಣೆ. ರಾಮನಗರ, ಶಿಡ್ಲಘಟ್ಟದ ಕಡೆ ನೂಲು ಬಿಚ್ಚುವಲ್ಲಿ ಇದನ್ನು ಚರಂಡಿಗೆ ಬಿಟ್ಟರೆ ಮೂಗು ಹಿಡಿಯುವ ನಾತ; ಒಣಗಿಸಿದರೆ ಕೋಳಿ, ಮೀನಿಗೆ ಮೇವು. ಇಳಕಲ್ಲಿನ ಮಗ್ಗಕ್ಕೆ ರೇಷ್ಮೆ ನೂಲಾಗಿಯೇ ಬರುತ್ತದೆ. ಸೆರಗು ನಮ್ಮ ಪಾಲಿಗೆ ಬಂತು, ಹುಳ ಅಲ್ಲೇ ಉಳೀತು!

ಆದರೆ ಹುಳವೇನು ಗಾಳಿ ಕುಡಿದು ಬೆಳೆಯುವುದಿಲ್ಲ. ನೂರು ಮೊಟ್ಟೆ, ಅಂದರೆ ನಲವತ್ತು ಐವತ್ತು ಸಾವಿರ ರೇಷ್ಮೆ ಹುಳ, ಒಂದು ಟನ್ನಿನಷ್ಟು ಹಿಪ್ಪುನೇರಳೆ ಸೊಪ್ಪು ತಿಂದು ಅರವತ್ತು ಎಪ್ಪತ್ತು ಕಿಲೋ ಗೂಡು ಕಟ್ಟುತ್ತವೆ. ಆ ಸೊಪ್ಪಿಗೆ ನೀರು, ಗೊಬ್ಬರ, ಭೂಮಿ ಎಲ್ಲ ಬೇಕು. ಅದರ ಬೆಲೆಯನ್ನು ರೇಷ್ಮೆಯೇ ತೀರಿಸಿರುವುದರಿಂದ ಉಳಿದ ಹುಳ ಮೇವಾಗಿ ಅಗ್ಗ. ಬರೀ ಕೋಳಿಗೆಂದೇ ಸೊಪ್ಪು ಬೆಳೆದು ರೇಷ್ಮೆ ಹುಳ ಸಾಕಿದರೆ ಮನೆ ಮಾರಬೇಕಾದೀತು.

ಈಗ ಎಲ್ಲರ ಬಾಯಲ್ಲಿರುವ ಬ್ಲ್ಯಾಕ್ ಸೋಲ್ಜರ್ ನೊಣಕ್ಕೂ ಇದೇ ಲೆಕ್ಕ. ಅದರ ಮರಿಹುಳ ಹಸಿ ಕಸ ತಿಂದು ಎರಡು ವಾರದಲ್ಲಿ ಬಲಿಯುತ್ತದೆ. ಬೆಳೆದ ನೊಣ ಮನೆನೊಣದಂತೆ ಅನ್ನದ ಮೇಲೆ ಕೂಡುವಂಥದ್ದಲ್ಲ. ಒಳ್ಳೆಯ ಹಸಿ ಕಸ 100 ಕಿಲೋ ಹಾಕಿದರೆ 15ರಿಂದ 20 ಕಿಲೋ ಹಸಿ ಹುಳ. ಒಣಗಿದರೆ ಅದರಲ್ಲಿ ಮೂರನೆಯ ಒಂದು ಪಾಲು. ಉಳಿದದ್ದು ಗೊಬ್ಬರ. ಬಾದಾಮಿಯ ಹೋಟೆಲುಗಳ ತರಕಾರಿ ಸಿಪ್ಪೆ, ಬಾಗಲಕೋಟೆ ಸಂತೆಯಲ್ಲಿ ಉಳಿದ ಕೊಳೆತ ಕಾಯಿಪಲ್ಲೆ ಗುಂಡಿಗೆ ಬಿದ್ದು ಮೀಥೇನ್ ಅನಿಲ ಬಿಡುವ ಬದಲು ಹುಳದ ಹೊಟ್ಟೆ ಸೇರಿದರೆ ನಿಜವಾಗಿ ಉಪಕಾರ. ಆದರೆ ಕಸ ದಿನಾ ಒಂದೇ ಸಮ ಬರುವುದಿಲ್ಲ. ಬರದ ದಿನ ಹುಳ ಉಪವಾಸ ಇರುತ್ತದೆಯೆ? ಆಗ ಮಾಲಕ ಮೆಕ್ಕೆಜೋಳದ ನುಚ್ಚು, ಗೋದಿ ಬೂಸಾ ಹಾಕುತ್ತಾನೆ. ಅಲ್ಲಿಗೆ ಲೆಕ್ಕ ತಿರುಗಿತು. ಕೋಳಿ, ಎಮ್ಮೆ ನೇರವಾಗಿ ತಿನ್ನಬಹುದಾದ್ದನ್ನು ಹುಳಕ್ಕೆ ಹಾಕಿ, ಆಮೇಲೆ ಹುಳವನ್ನು ಕೋಳಿಗೆ ಹಾಕುವುದು ದಲ್ಲಾಳಿ ಒಬ್ಬನನ್ನು ನಡುವೆ ಕೂಡಿಸಿದಂತೆ. ಸಗಣಿ ಹಾಕೋಣ ಎನ್ನುವವರಿಗೆ ಒಂದು ಮಾತು: ನಮ್ಮ ಎರಿ ಹೊಲಕ್ಕೆ ಈಗಲೇ ತಿಪ್ಪೆ ಗೊಬ್ಬರ ಸಾಲದು.

ಬಿಸಿಲಿನ ಮಾತೂ ಇದೆ. ಈ ಹುಳಕ್ಕೆ ಹಿತವಾದ ಕಾವು 27ರಿಂದ 30 ಡಿಗ್ರಿ. ಚಳಿ ದೇಶದವರಿಗೆ ಶೆಡ್ಡು ಕಾಯಿಸುವ ವಿದ್ಯುತ್ತೇ ದೊಡ್ಡ ಖರ್ಚು, ಅದರಿಂದಲೇ ಪರಿಸರದ ಲಾಭ ಕರಗುತ್ತದೆ. ನಮ್ಮಲ್ಲಿ ಉಲ್ಟಾ. ಏಪ್ರಿಲ್-ಮೇದಾಗ ಹುನಗುಂದ, ಇಳಕಲ್ ಕಡೆ 40 ದಾಟತೈತಿ. ತಗಡಿನ ಶೆಡ್ಡು ಹಾಕಿದವರ ಹುಳ ಒಲಿ ಇಲ್ಲದೇ ಬೇಯ್ತಾವ. ಕಸ ಹಸಿಯಾಗಿರಲು ನೀರೂ ಬೇಕು. ಒಣಗಿಸಲು ಮಾತ್ರ ನಮ್ಮ ಬಿಸಿಲು ಪುಕ್ಕಟೆ, ಅದೊಂದು ವರ.

ಇನ್ನು ಕಸದಲ್ಲಿ ಏನಿದೆ ಎಂಬುದು. ಕ್ಯಾಡ್ಮಿಯಂನಂಥ ಲೋಹ ಈ ಹುಳದ ಮೈಯಲ್ಲಿ ಸೇರಿ ಉಳಿಯುತ್ತದೆ. ಅಲ್ಲಿಂದ ಕೋಳಿಗೆ, ಕೋಳಿಯಿಂದ ತಟ್ಟೆಗೆ. ಪಟ್ಟಣದ ಬೆರಕೆ ಕಸ ತರಬಾರದು ಎನ್ನುವುದು ಇದಕ್ಕೇ. ಯುರೋಪಿನವರ ಷರತ್ತು ಮುಖ್ಯವಾಗಿ ರೋಗ ಹರಡುವ ಹೆದರಿಕೆಯದು. ಔಷಧ ಹೊಡೆದ ದ್ರಾಕ್ಷಿ, ದಾಳಿಂಬೆಯ ಕಸಕ್ಕೂ ಎಚ್ಚರ ಬೇಕು.

ಊರೂರಿಗೆ ಹುಳ ಸಾಗಿಸುವುದೂ ಸಣ್ಣ ಮಾತಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಡುವ ಆ ನೊಣಕ್ಕೆ ಹೆದರಿ ಇಂದಿಗೂ ಸಾಕಣೆ ಮನೆಗೆ ಜಾಳಿಗೆ ಕಟ್ಟುತ್ತಾರೆ. ಸೋಲ್ಜರ್ ನೊಣ ಮೂಲತಃ ಅಮೆರಿಕದ ಕಡೆಯದಾದರೂ ನಮ್ಮ ದೇಶದಲ್ಲಿ ಈಗಾಗಲೇ ನೆಲೆಸಿದೆ, ಅಷ್ಟು ಭಯವಿಲ್ಲ. ಬೇರೆ ಹೊಸ ಹುಳ ತರುತ್ತೇವೆ ಎಂದು ಯಾರಾದರೂ ಬಂದರೆ ಮಾತ್ರ ಬಾಗಿಲಲ್ಲೇ ನಿಲ್ಲಿಸಿರಿ.

ಹಾಗಾದರೆ ಸಾಲ ಕೊಡೋದು ಬ್ಯಾಡೇನ್ರಿ? ಕೊಡಬಹುದು. ಅರ್ಜಿಯಲ್ಲಿ ಎರಡು ಸಾಲು ಹೆಚ್ಚಿಗೆ ಬರೆಯಿಸಿಕೊಳ್ಳಿ: ಹುಳಕ್ಕೆ ಏನು ಹಾಕುತ್ತೀರಿ, ಅದು ಈಗ ಎಲ್ಲಿಗೆ ಹೋಗುತ್ತಿದೆ? ಗುಂಡಿಗೆ ಹೋಗುತ್ತಿದ್ದರೆ ಕೊಡಿ. ದನದ ಗೋದಲಿಗೆ ಹೋಗುತ್ತಿದ್ದರೆ ಬೇಡ. ದೊಡ್ಡ ಶೆಡ್ಡಿಗಿಂತ ಮೊದಲು ಹತ್ತಿಪ್ಪತ್ತು ಜವಾರಿ ಕೋಳಿ ಇಟ್ಟ ತಾಯಂದಿರ ಮನೆಯಲ್ಲಿ, ಬೇವಿನ ನೆರಳಲ್ಲಿ, ಒಂದೊಂದು ಡ್ರಮ್ಮು ಇಟ್ಟು ಒಂದು ಬೇಸಿಗೆ ದಾಟಿಸಿ ನೋಡೋಣ. ಕೋಳಿಗೆ ಹುಳವನ್ನು ಹಸಿಯಾಗಿಯೇ ಹಾಕಬಹುದು, ಒಣಗಿಸುವ ಖರ್ಚೂ ಇಲ್ಲ. ಎಷ್ಟು ಕಸ ಹೋಯಿತು, ಎಷ್ಟು ಹುಳ ಬಂತು ಎಂಬುದನ್ನು ಸಂಘದ ತಕ್ಕಡಿಯಲ್ಲೇ ತೂಗಿ ಬರೆದಿಡಲಿ. ಆ ವಹಿ ಮುಂದಿನ ವರ್ಷದ ಸಾಮಾನ್ಯ ಸಭೆಯ ಮುಂದೆ ಬರಲಿ.