ಮರೆಯಲ್ಲಿಟ್ಟದ್ದು, ಮರೆಯಾದದ್ದು



ವೆಬ್‌ಸೈಟ್ ಕಟ್ಟುವವರಲ್ಲಿ ಹಳೆಯ ಭಯವೊಂದಿದೆ. ಫಾರಂನೊಳಗೆ ಹಿಡನ್ ಫೀಲ್ಡ್, ಅಂದರೆ ಕಣ್ಣಿಗೆ ಕಾಣದೆ ಮಾಹಿತಿ ಹೊತ್ತೊಯ್ಯುವ ಖಾನೆ, ಇಟ್ಟರೆ ಗೂಗಲ್ ಅದನ್ನು ಕಳ್ಳಾಟವೆಂದು ಬಗೆದು ಪುಟವನ್ನು ಕೆಳಗೆ ತಳ್ಳುತ್ತದಂತೆ. ಈ ಭಯಕ್ಕೆ ಬುಡವಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ನಮ್ಮ ಕಣ್ಣನ್ನು ತಪ್ಪು ಕಡೆ ತಿರುಗಿಸಿತು. ಹಿಡನ್ ಫೀಲ್ಡ್ 1995ರ ಎಚ್‌ಟಿಎಂಎಲ್ 2.0ರಲ್ಲೇ ಇದೆ. ಹಿಂದಿನ ಪುಟದ್ದನ್ನು ಮುಂದಿನ ಪುಟದಲ್ಲಿ ಮರೆತುಬಿಡುವ ವೆಬ್‌ಗೆ ಅದು ಕಟ್ಟಿಕೊಟ್ಟ ಬುತ್ತಿ. ಪುಟದ ಸ್ಥಿತಿಯನ್ನು ನೆನಪಿಡುವ ಎಎಸ್‌ಪಿ ಡಾಟ್ ನೆಟ್‌ನ ವ್ಯೂಸ್ಟೇಟ್, ನಕಲಿ ಕೋರಿಕೆಗಳನ್ನು ತಡೆಯುವ ಟೋಕನ್ ಎಲ್ಲವೂ ಅದರಲ್ಲೇ ಸಾಗುತ್ತವೆ. ಗೂಗಲ್‌ನ ನಿಯಮ ಬೈಯುವುದು ಬೇರೆಯದನ್ನು: ಬಿಳಿಯ ಮೇಲೆ ಬಿಳಿ ಅಕ್ಷರ, ಸೊನ್ನೆ ಗಾತ್ರದ ಫಾಂಟ್, ಪರದೆಯಾಚೆ ನೂಕಿದ ಪದಗಳ ರಾಶಿ. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯುವಿನ ಜರ್ಮನ್ ಸೈಟನ್ನು ಗೂಗಲ್ ಹುಡುಕಾಟದಿಂದಲೇ ತೆಗೆದದ್ದು ಸರ್ಚ್ ಎಂಜಿನ್‌ಗೊಂದು ಪುಟ, ಜನರಿಗೊಂದು ಪುಟ ತೋರಿಸಿದ್ದಕ್ಕೆ. ಹಿಡನ್ ಫೀಲ್ಡ್‌ನಲ್ಲೂ ಪದಗಳನ್ನು ತುರುಕಬಹುದಲ್ಲ ಎನ್ನುತ್ತೀರಿ. ತುರುಕಬಹುದು, ಆದರೆ ಅದು ಓದುವ ಪಠ್ಯವೇ ಅಲ್ಲ, ಅದರಿಂದ ಮೇಲೇರುವ ಆಸೆಗೆ ಕಾರಣವೂ ಇಲ್ಲ.

ಕಣ್ಣಿಗೊಂದು, ಯಂತ್ರಕ್ಕೊಂದು ತೋರಿಸುವುದೇ ಅಪರಾಧವಾದರೆ, ಒಂದು ಕಾಲದ ಕನ್ನಡ ವೆಬ್ ಬಹುಪಾಲು ಅಪರಾಧಿಯೇ. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಏರಿಸಿದ ಪುಟ ನಮಗೆ ಕನ್ನಡ, ಎಂಜಿನ್‌ಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಾವು ಅಲ್ಲಿಗೆ ಹೋಗಲು ತಡಮಾಡಿದೆವು. ಆ ಪುಟಗಳಿಗೆ ಯಾರೂ ದಂಡ ಹಾಕಲಿಲ್ಲ. ಕನ್ನಡದಲ್ಲಿ ಹುಡುಕಿದವರಿಗೆ ಅವು ಸಿಗಲಿಲ್ಲ, ಅಷ್ಟೆ. ದಂಡವಾದರೆ ಮೇಲ್ಮನವಿ ಹಾಕಬಹುದು. ಬಿಎಂಡಬ್ಲ್ಯು ಕೆಲವೇ ದಿನಗಳಲ್ಲಿ ವಾಪಸಾಯಿತು. ಇಲ್ಲದಂತಾದವರು ಯಾರಿಗೆ ಮನವಿ ಕೊಡಬೇಕು?

ಫಾರಂಗಳ ಕಥೆಯೂ ಇದೇ. ಆನ್‌ಲೈನ್‌ನಲ್ಲಿ ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಒಂದೊಂದಾಗಿ ಆರಿಸಬೇಕು. ಹೀಗೆ ಫಾರಂ ತುಂಬಿ ಪೋಸ್ಟ್ ವಿಧಾನದಲ್ಲಿ ಕಳಿಸಿದಾಗ ಬರುವ ಉತ್ತರಕ್ಕೆ ತನ್ನದೇ ವಿಳಾಸವಿರುವುದಿಲ್ಲ. ವಿಳಾಸವಿಲ್ಲದ ಮನೆಗೆ ಎಂಜಿನ್ ಹೇಗೆ ಹೋದೀತು? ಫಾರಂ ತುಂಬಿ ನೋಡುವ ಪ್ರಯೋಗವನ್ನು ಗೂಗಲ್ 2008ರಲ್ಲಿ ಪ್ರಕಟಿಸಿತ್ತು, ಆದರೆ ತುಂಬಿದ್ದು ವಿಳಾಸದಲ್ಲೇ ಸೇರುವ ಗೆಟ್ ವಿಧಾನದ ಫಾರಂಗಳಿಗೆ ಮಾತ್ರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಲುವೆಯಲ್ಲಿ ನೀರಿದ್ದೂ ಗದ್ದೆಗೆ ಬಾರದಿರುವುದು ಏನೆಂದು ಅವರು ಬಲ್ಲರು.

ಜಮೀನಿನ ಮಾಲೀಕರ ಹೆಸರನ್ನೆಲ್ಲ ಎಂಜಿನ್‌ಗೆ ಒಪ್ಪಿಸಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೇಡ. ಅಲ್ಲಿ ಫಾರಂ ಬೇಲಿಯಾಗಿಯೇ ಇರಲಿ. ಆದರೆ ಊರಿನ ಕಾಮಗಾರಿಗಳ ಪಟ್ಟಿ, ಸಭೆಯ ನಡಾವಳಿಗಳಿಗೂ ಅದೇ ಬೇಲಿ ಏಕೆ? ಅದು ಯಾರೋ ಯೋಚಿಸಿ ಹಾಕಿದ್ದಲ್ಲ, ಟೆಂಪ್ಲೇಟಿನಲ್ಲಿತ್ತು, ಬಂತು.

ನನ್ನನ್ನು ಕಾಡುವ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿಲ್ಲ. ಅಂಧರ ಸ್ಕ್ರೀನ್ ರೀಡರ್‌ಗೆಂದು ಪರದೆಯಾಚೆ ಇಟ್ಟ ಸಾಲು, ಮೋಸಕ್ಕೆಂದು ಅಲ್ಲೇ ಇಟ್ಟ ಸಾಲು, ಎರಡರ ಕೋಡ್ ಅಕ್ಷರಶಃ ಒಂದೇ ಆಗಿರಬಹುದು. ವ್ಯತ್ಯಾಸ ಇಟ್ಟವರ ಉದ್ದೇಶದಲ್ಲಿ. ಕೋಡನ್ನಷ್ಟೇ ಓದುವ ಯಂತ್ರ ಅದನ್ನು ಎಲ್ಲಿಂದ ಓದೀತು? ಇಲ್ಲಿನ ಮೊದಲ ಗೋಷ್ಠಿಯವರು ಈ ಪ್ರಶ್ನೆಯಿಂದ ಶುರುಮಾಡಲಿ ಎಂದು ಕೋರುತ್ತೇನೆ.